ಹತ್ತಿರದ ಗಾಡಿ ಯಾವ ಊರಿನದಾದರೇನು?

ಮನೆಗೆ ಬೆಂಕಿ ಬಿದ್ದಿದೆ. ಪಕ್ಕದ ಊರಿನ ಅಗ್ನಿಶಾಮಕ ಠಾಣೆ ಒಂದು ಮೈಲಿ ದೂರದಲ್ಲಿದೆ, ಸ್ವಂತ ಊರಿನದು ನಾಲ್ಕು ಮೈಲಿ. ಯಾವ ಗಾಡಿ ಹೊರಡಬೇಕು ಎಂದು ಮಗುವನ್ನು ಕೇಳಿದರೂ ಉತ್ತರ ಸಿಗುತ್ತದೆ. ಆದರೂ ಅಮೆರಿಕದ ಎಷ್ಟೋ ಕಡೆ ಹೊರಡುವುದು ದೂರದ ಗಾಡಿಯೇ. ಅಲ್ಲಿ ಅಗ್ನಿಶಾಮಕ ದಳ ನಮ್ಮ ರಾಜ್ಯದಲ್ಲಿರುವಂತೆ ಸರ್ಕಾರದ ಒಂದೇ ಇಲಾಖೆಯಲ್ಲ. ಬಹುಪಾಲು ಊರಿಗೊಂದು ದಳ, ಅದಕ್ಕೊಬ್ಬ ಮುಖ್ಯಸ್ಥ, ಅದರ ಖರ್ಚಿಗೆ ಆ ಊರಿನವರದೇ ತೆರಿಗೆ. ತುರ್ತು ಕರೆ ತೆಗೆದುಕೊಳ್ಳುವ ಕಂಟ್ರೋಲ್ ರೂಮ್ ಕೂಡ ಹಲವೆಡೆ ಬೇರೆ ಬೇರೆ. ನೆರೆಯವರ ನೆರವು ಬೇಕೆಂದರೆ ಅಧಿಕಾರಿ ಸ್ಥಳಕ್ಕೆ ಹೋಗಿ, ನೋಡಿ, ನಮ್ಮಿಂದಾಗದು ಎಂದು ಒಪ್ಪಿಕೊಂಡು, ಕೇಳಬೇಕು. ಕೇಳಿದ ಮೇಲೆ ಅದು ಇನ್ನೊಂದು ಕಂಟ್ರೋಲ್ ರೂಮಿಗೆ ಹೋಗಬೇಕು. ಮೊದಲ ಗಾಡಿ ನಾಲ್ಕು ನಿಮಿಷದಲ್ಲಿ ದಾರಿ ಸವೆಸಿ ಮನೆ ಮುಟ್ಟಬೇಕು ಎನ್ನುವುದು ಅಲ್ಲಿನ ಸಂಬಳದ ದಳಗಳಿಗಿರುವ ರಾಷ್ಟ್ರೀಯ ಮಾನದಂಡ. ಅಷ್ಟು ಬಿಗಿಯಾದ ಲೆಕ್ಕದಲ್ಲಿ ಒಂದು ಫೋನ್ ಕರೆಯ ವಿಳಂಬವೂ ದುಬಾರಿ.

ಅರಿಜೋನಾದ ಮರುಭೂಮಿಯ ಮೂರು ಊರುಗಳು ಇದಕ್ಕೊಂದು ದಾರಿ ಕಂಡುಕೊಂಡವು. 1976ರಲ್ಲಿ ಫೀನಿಕ್ಸ್, ಟೆಂಪಿ, ಗ್ಲೆಂಡೇಲ್ ನಗರಗಳು ತಮ್ಮ ಗಾಡಿಗಳು ಗಡಿ ನೋಡದೆ ಹೊರಡಬೇಕೆಂದು ಒಪ್ಪಂದ ಮಾಡಿಕೊಂಡವು. ಕೇಳಿದರೆ ಕೊಡುವ ನೆರವಲ್ಲ ಇದು, ಕೇಳುವ ಮೊದಲೇ ಹೊರಡುವ ನೆರವು. ಯಾವ ಗಾಡಿ ಎಲ್ಲಿದೆ ಎಂದು ಕಂಪ್ಯೂಟರ್ ತೋರಿಸುತ್ತದೆ, ಹತ್ತಿರದ್ದು ಹೊರಡುತ್ತದೆ. ಸುತ್ತಲಿನ ಇತರ ಊರುಗಳೂ ಒಂದೊಂದಾಗಿ ಸೇರಿಕೊಂಡವು. ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಠಾಣೆಗಳ ಸಂಖ್ಯೆ. ಗ್ಲೆಂಡೇಲ್‌ನ ಠಾಣೆಗಳು 151ರಿಂದ ಶುರು, ಟೆಂಪಿಯವು 271ರಿಂದ, ಸ್ಕಾಟ್ಸ್‌ಡೇಲ್‌ನವು 601ರಿಂದ. ಊರೂರಿಗೂ ಒಂದನೇ ನಂಬರಿನ ಠಾಣೆ ಇದ್ದರೆ ರೇಡಿಯೋದಲ್ಲಿ ಕರೆದದ್ದು ಯಾರನ್ನು ಎಂಬ ಗೊಂದಲ ತಪ್ಪದು. ತಮ್ಮ ಊರಿನ ಮೊದಲ ಠಾಣೆಗೆ 151 ಎಂದು ಬರೆಸಲು ಒಪ್ಪಿದರಲ್ಲ, ಆ ಒಪ್ಪಿಗೆಯಲ್ಲೇ ಅರ್ಧ ಕೆಲಸ ಮುಗಿದಿತ್ತು.

ಬೇರೆ ನೆರೆಹೊರೆಯ ಊರುಗಳೂ ಹೀಗೆ ಕೂಡಬೇಕು, ಅವುಗಳ ಕಂಟ್ರೋಲ್ ರೂಮ್ ಒಂದಾಗಬೇಕು ಎನ್ನುವುದು ನನ್ನ ವಾದ. ಆದರೆ ಕಂಟ್ರೋಲ್ ರೂಮ್ ಒಂದಾಗಿಸಿದ ಮಾತ್ರಕ್ಕೆ ದಳಗಳು ಒಂದಾಗುವುದಿಲ್ಲ ಎಂದೂ ಒತ್ತಿ ಹೇಳುತ್ತೇನೆ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ದಳಗಳು ಧಾವಿಸಿ ಬಂದವು. ಕರೆ ಮುಟ್ಟಿತ್ತು, ಜನ ಬಂದಿದ್ದರು, ಪಂಪುಗಳೂ ಇದ್ದವು. ಆದರೆ ಅವರಲ್ಲಿ ಎಷ್ಟೋ ಮಂದಿಯ ಹೋಸ್‌ಪೈಪಿನ ಕಪ್ಲಿಂಗ್ ಆ ಊರಿನ ಹೈಡ್ರಂಟಿಗೆ ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ರಾಷ್ಟ್ರೀಯ ಅಳತೆ ಅದರ ಮರುವರ್ಷವೇ ಬಂತು, ಆದರೂ 1991ರಲ್ಲಿ ಓಕ್‌ಲ್ಯಾಂಡ್ ಬೆಟ್ಟಗಳು ಉರಿದಾಗ ನೆರವಿಗೆ ಬಂದವರಿಗೆ ಅದೇ ತೊಡಕು ಎದುರಾಯಿತು. ಅಲ್ಲಿ 25 ಜನ ಸತ್ತರು. ಇಂದು ಕಪ್ಲಿಂಗಿನ ಜಾಗದಲ್ಲಿ ರೇಡಿಯೋ ಚಾನೆಲ್, ಮ್ಯಾಪ್, ಆದೇಶದ ಭಾಷೆ ಇವೆ. ಇವು ಹೊಂದದಿದ್ದರೆ ಒಂದೇ ಕೋಣೆಯಲ್ಲಿ ಎಲ್ಲರ ಫೋನು ಕೂಡಿಸಿ ಏನು ಬಂತು?

ಯಾರು ಕೂಡಿಸುತ್ತಾರೆ ಎನ್ನುವುದೂ ಮುಖ್ಯ. ಇಂಗ್ಲೆಂಡಿನಲ್ಲಿ ಸರ್ಕಾರ 2004ರಲ್ಲಿ 46 ಕಂಟ್ರೋಲ್ ರೂಮ್‌ಗಳನ್ನು ಮುಚ್ಚಿ 9 ಪ್ರಾದೇಶಿಕ ಕೇಂದ್ರ ಮಾಡಲು ಹೊರಟಿತು. ಸ್ಥಳೀಯ ದಳಗಳ ಮನಸ್ಸು ಗೆಲ್ಲದೆ ಮೇಲಿನಿಂದ ಇಳಿಸಿದ ಯೋಜನೆ ಅದು. ಕಟ್ಟಡಗಳು ಎದ್ದವು, ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಗಲೇ ಇಲ್ಲ. 2010ರ ಡಿಸೆಂಬರಿನಲ್ಲಿ ಕೈಬಿಟ್ಟಾಗ ಕಡಿಮೆಯೆಂದರೂ 46.9 ಕೋಟಿ ಪೌಂಡ್ ನೀರುಪಾಲಾಗಿತ್ತು ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು. ಅರಿಜೋನಾದ ನೆರೆಯವರು ತಾವಾಗಿ ಕೂತು ಮಾತಾಡಿಕೊಂಡಿದ್ದರು.

ವಿರೋಧಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲವೂ ಒಂದೆಡೆ ಸೇರಿದರೆ ಅಲ್ಲಿನ ಒಂದು ದೋಷ ಎಲ್ಲರನ್ನೂ ಮುಳುಗಿಸುತ್ತದೆ. 2014ರ ಏಪ್ರಿಲ್‌ನಲ್ಲಿ ಕೊಲರಾಡೋದ ಒಂದು ಕೇಂದ್ರದಲ್ಲಿ, ಕರೆಗಳಿಗೆ ಸಂಖ್ಯೆ ಕೊಡುವ ಸಾಫ್ಟ್‌ವೇರ್ ತನ್ನ ಮಿತಿ ಮುಟ್ಟಿ ನಿಂತುಬಿಟ್ಟಿತು. ಏಳು ರಾಜ್ಯಗಳಲ್ಲಿ 6,600ಕ್ಕೂ ಹೆಚ್ಚು ತುರ್ತು ಕರೆಗಳು ಯಾರಿಗೂ ಮುಟ್ಟಲಿಲ್ಲ. ಆದ್ದರಿಂದ ಬೇರೆ ಊರಿನಲ್ಲಿ, ಬೇರೆ ಲೈನಿನ ಮೇಲೆ ಎರಡನೇ ಕೋಣೆಯೊಂದು ಸದಾ ಎಚ್ಚರವಾಗಿರಲೇಬೇಕು. ಅದಕ್ಕೆ ದುಡ್ಡಿಲ್ಲ ಎನ್ನುವವರು ಕೂಡುವ ಗೋಜಿಗೇ ಹೋಗದಿರುವುದು ಮೇಲು. ಉಳಿತಾಯಕ್ಕಾಗಿ ಕೂಡುವುದು ನನಗೆ ಒಪ್ಪಿಗೆಯಿಲ್ಲ. ಕೂಡಬೇಕಾದದ್ದು ಬೇಗ ಮುಟ್ಟುವುದಕ್ಕೆ.

ಇನ್ನೊಂದು ಅಂಜಿಕೆ ಸಣ್ಣ ಊರುಗಳದು. ತಾನು ಠಾಣೆ ಕಟ್ಟದೆ ನೆರೆಯವರ ಗಾಡಿಯನ್ನೇ ನೆಚ್ಚಿಕೊಳ್ಳುವ ಊರು ಒಂದಾದರೆ, ದೊಡ್ಡ ಊರಿನ ಮರ್ಜಿಯಲ್ಲಿ ಬದುಕಬೇಕಾದ ಊರು ಇನ್ನೊಂದು. ಇವೆರಡಕ್ಕೂ ಒಪ್ಪಂದದಲ್ಲೇ ಕಟ್ಟು ಹಾಕಬೇಕು: ಪ್ರತಿ ಊರಿಗೂ ಇಷ್ಟು ಗಾಡಿ, ಇಷ್ಟು ಸಿಬ್ಬಂದಿ ಎಂಬ ಕನಿಷ್ಠ ಪಾಲು, ಆಡಳಿತ ಮಂಡಳಿಯಲ್ಲಿ ಎಲ್ಲರಿಗೂ ಕುರ್ಚಿ, ಯಾರ ಗಾಡಿ ಯಾರ ಗಡಿಯೊಳಗೆ ಎಷ್ಟು ಸಲ ಹೋಯಿತೆಂಬ ಲೆಕ್ಕ ಪ್ರತಿ ವರ್ಷ ಜನರ ಮುಂದೆ.

ಉಳಿದದ್ದು ಕರೆ ತೆಗೆದುಕೊಳ್ಳುವವರ ಮಾತು. ಗಾಬರಿಯಲ್ಲಿ ಫೋನ್ ಮಾಡಿದವರು ಮನೆ ನಂಬರ್ ಹೇಳದೆ, "ಹಳೇ ಗಿರಣಿಯ ಹಿಂದೆ, ನೀರಿನ ಟ್ಯಾಂಕ್ ದಾಟಿ" ಎನ್ನಬಹುದು. ಆ ಗಿರಣಿ ಕೆಡವಿ ಇಪ್ಪತ್ತು ವರ್ಷವಾಗಿದ್ದರೂ ಊರಿನ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಜಾಗ ಗೊತ್ತಿರುತ್ತದೆ. ಐವತ್ತು ಮೈಲಿ ಆಚೆಯವರಿಗೆ ಹೇಗೆ ಗೊತ್ತಾಗಬೇಕು? ಹೊಸ ಕೇಂದ್ರದ ಮೊದಲ ನೇಮಕ ಮುಚ್ಚುವ ಕೋಣೆಗಳ ಸಿಬ್ಬಂದಿಯಿಂದಲೇ ಆಗಬೇಕು. ಅವರ ನೆನಪಿನಲ್ಲಿರುವ ಗಿರಣಿ, ಟ್ಯಾಂಕು, ಕಿರುದಾರಿಗಳೆಲ್ಲ ಹೊಸ ಮ್ಯಾಪಿಗೆ ಹತ್ತುವವರೆಗೆ ಹಳೆಯ ಕೋಣೆಯ ಬಾಗಿಲು ಹಾಕಕೂಡದು.