ಚಿಮಣಿಯೊಳಗಿನ ಬಾಗಿಲು

ಮಳೆಗಾಲದಲ್ಲಿ ನವಿಲುತೀರ್ಥದ ಆಣೆಕಟ್ಟಿನ ಎಷ್ಟು ಬಾಗಿಲುಗಳನ್ನು ಎತ್ತಲಾಯಿತು, ಎಷ್ಟು ನೀರು ಹೊರಬಿತ್ತು, ಜಲಾಶಯವು 2079.50 ಅಡಿಯ ಪೂರ್ಣ ಮಟ್ಟಕ್ಕೆ ಇನ್ನೆಷ್ಟು ಕಡಿಮೆ ಇದೆ ಎಂಬುದನ್ನು ಸವದತ್ತಿಯಿಂದ ರಾಮದುರ್ಗದವರೆಗಿನ ನದೀತೀರದ ಹುಡುಗರೂ ಬಾಯಿಪಾಠವಾಗಿ ಹೇಳುವರು. ಅದು ಯೋಗ್ಯವೇ ಸರಿ. ಬಾಗಿಲು ಎತ್ತುವವನ ಕೈಯಲ್ಲಿ ಕೆಳಗಿನ ಊರುಗಳ ಯೋಗಕ್ಷೇಮವಿರುವಾಗ ಅದರ ಲೆಕ್ಕವು ಎಲ್ಲರಿಗೂ ತಿಳಿಯತಕ್ಕದ್ದೇ. ಆದರೆ ಇದೇ ಮಲಪ್ರಭೆಯ ಸೀಮೆಯಲ್ಲಿ, ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ, ಹಗಲಿರುಳು ಹರಿಯುವ ಇನ್ನೊಂದು ಪ್ರವಾಹವಿದೆ. ಅದಕ್ಕೂ ಬಾಗಿಲುಗಳಿವೆ. ಅವು ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ ಎಂದು ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಸಕ್ಕರೆ ಕಾರಖಾನೆಗಳ ಬಾಯಲರಿನಿಂದ ಚಿಮಣಿಗೆ ಹೋಗುವ ಬಿಸಿಹೊಗೆಯ ವಿಷಯವನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಪ್ರವಾಹವು ಸಣ್ಣದೆಂದು ವಾಚಕರು ಭಾವಿಸಬಾರದು. ನೂರು ಟನ್ ಕಬ್ಬನ್ನು ನುರಿಸಿದರೆ ಸುಮಾರು ಮೂವತ್ತು ಟನ್ ಸಿಪ್ಪೆ ಉಳಿಯುತ್ತದೆ. ಅದರ ಅರ್ಧದಷ್ಟು ತೂಕವು ನೀರೇ. ಇಂಥ ಹಸಿ ಸಿಪ್ಪೆಯ ಒಂದು ಟನ್ ಉರಿಯಬೇಕಾದರೆ ಹೆಚ್ಚುಕಡಿಮೆ ನಾಲ್ಕು ಟನ್ ಗಾಳಿ ಬೇಕು. ಎರಡೂ ಕೂಡಿ ಐದು ಟನ್ ಹೊಗೆಯಾಗುತ್ತದೆ. ದಿನಕ್ಕೆ 5000 ಟನ್ ಕಬ್ಬು ನುರಿಸುವ ಕಾರಖಾನೆಯು ತನ್ನ ಸಿಪ್ಪೆಯನ್ನೆಲ್ಲ ಸುಟ್ಟರೆ 7500 ಟನ್ ಹೊಗೆಯನ್ನು ಆಕಾಶಕ್ಕೆ ಕಳಿಸುವದು. ಗಾಡಿ ಟ್ರ್ಯಾಕ್ಟರುಗಳಲ್ಲಿ ಒಳಗೆ ಬಂದ ಕಬ್ಬಿನ ತೂಕಕ್ಕಿಂತ ಚಿಮಣಿಯಿಂದ ಹೊರಬಿದ್ದ ಹೊಗೆಯ ತೂಕವೇ ಹೆಚ್ಚು! ಕಬ್ಬಿಗೆ ತೂಕದ ಕಾಟಾ ಇದೆ, ಆ ಕಾಟಾದ ಬಗ್ಗೆ ರೈತರ ಚಳವಳಿಯೂ ಇದೆ. ಹೊಗೆಗೆ ಎರಡೂ ಇಲ್ಲ.

ಹಿಂದೆ ಬೆಲ್ಲದ ಗಾಣಗಳಲ್ಲಿ ಒಲೆಯ ಬಾಯಿಗೆ ಕುಳಿತವನು ಕೊಪ್ಪರಿಗೆಯ ನೊರೆಯನ್ನೂ ಹೊಗೆಯ ಬಣ್ಣವನ್ನೂ ನೋಡಿ ಉರಿಯನ್ನು ಏರಿಸಿ ಇಳಿಸುತ್ತಿದ್ದನು. ಎಂ.ಕೆ. ಹುಬ್ಬಳ್ಳಿಯಲ್ಲಿ ಸಹಕಾರಿ ಕಾರಖಾನೆ, ಮುನವಳ್ಳಿಯಲ್ಲಿ ಖಾಸಗಿ ಕಾರಖಾನೆ, ಹೀಗೆ ಕಿತ್ತೂರು ಸವದತ್ತಿಗಳ ಸೀಮೆಯಲ್ಲಿ ದೊಡ್ಡ ಗಿರಣಿಗಳು ಬಂದ ಮೇಲೆ ಆ ಕಣ್ಣಿನ ಕೆಲಸವು ಯಂತ್ರದ ಪಾಲಿಗೆ ಬಂದಿತು. ಒಲೆಗೆ ಗಾಳಿ ನೂಕುವ ಒಂದು ಪಂಖಾ, ಹೊಗೆಯನ್ನು ಎಳೆದು ಚಿಮಣಿಗೆ ದಬ್ಬುವ ಇನ್ನೊಂದು ಪಂಖಾ, ಇವೆರಡರ ದಾರಿಯಲ್ಲಿ ಕಬ್ಬಿಣದ ಹಲಗೆಗಳು. ಡ್ಯಾಂಪರ್ ಎಂದು ಕಾರಖಾನೆಯವರು ಕರೆಯುವ ಈ ಹಲಗೆಗಳನ್ನು ನಾವು ಹೊಗೆಬಾಗಿಲು ಎನ್ನೋಣ. ಕೆಲವು ನಡುವಿನ ಅಚ್ಚಿನ ಮೇಲೆ ತಿರುಗುವವು, ಕೆಲವು ಕಿಟಕಿಯ ಜಾಲರಿಯ ಪಟ್ಟಿಗಳಂತೆ ಒಟ್ಟಿಗೆ ಹೊರಳುವವು, ಕೆಲವು ಕಾಲುವೆಯ ತೂಬಿನಂತೆ ಮೇಲಿಂದ ಕೆಳಗೆ ಇಳಿಯುವವು. ಮೊದಲಿನ ಎರಡು ಬಗೆಯವು ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಲು. ಕೊನೆಯದು ಪೂರ್ತಿ ಕಟ್ಟಲು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೋದರೆ ಎರಡೂ ಕೆಡುವವು.

ನಾವು ಯಂತ್ರಶಾಸ್ತ್ರ ಓದಿದವರಲ್ಲ. ಆದರೂ ಒಂದು ಸಂಗತಿಯನ್ನು ತಿಳಿದುಕೊಂಡ ಬಳಿಕ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಒಲೆಯ ಒಳಗಿನ ಒತ್ತಡವನ್ನು ಹೊರಗಿನ ಗಾಳಿಗಿಂತ ತುಸುವೇ, ಅಂದರೆ ನೀರಿನ ಕೆಲವೇ ಮಿಲಿಮೀಟರುಗಳಷ್ಟು, ಕಡಿಮೆ ಇರಿಸುವರು. ಆದ್ದರಿಂದ ಸಂದುಗಳಿಂದ ಗಾಳಿ ಒಳಗೆ ಹೋಗುವದೇ ಹೊರತು ಉರಿ ಹೊರಗೆ ಬಾರದು. ಹೊಗೆ ಎಳೆಯುವ ಪಂಖಾದ ಬಾಗಿಲು ಆಕಸ್ಮಿಕವಾಗಿ ಮುಚ್ಚಿ, ಗಾಳಿ ನೂಕುವ ಪಂಖಾ ಮಾತ್ರ ಓಡುತ್ತಲೇ ಇದ್ದರೆ, ಕ್ಷಣಾರ್ಧದಲ್ಲಿ ಈ ತೂಕ ತಪ್ಪುವದು. ಸಿಪ್ಪೆ ಹಾಕುವ ಬಾಯಿಯಿಂದ ಜ್ವಾಲೆಯು ಎದುರಿಗೆ ನಿಂತ ಕೂಲಿಕಾರನ ಮುಖಕ್ಕೆ ಬರುವದು. ಹೊಗೆ ಎಳೆಯುವ ಪಂಖಾ ನಿಂತರೆ ಗಾಳಿ ನೂಕುವ ಪಂಖಾ ತಾನಾಗಿ ನಿಲ್ಲಬೇಕು. ವಿದ್ಯುತ್ತೋ ಒತ್ತುಗಾಳಿಯೋ ಕಡಿದರೆ ಹೊಗೆಬಾಗಿಲು ಮುಚ್ಚಿಕೊಳ್ಳದೆ ಒಂದೋ ತೆರೆದುಕೊಳ್ಳಬೇಕು, ಇಲ್ಲವೆ ಇದ್ದಲ್ಲಿಯೇ ನಿಲ್ಲಬೇಕು. ಇದು ಬಾಯಲರಿನ ಮನೆಯ ಪ್ರಥಮ ಪಾಠ. ಆ ಕಟ್ಟುಪಾಡನ್ನು ನುರಿಸುವ ಅವಸರದಲ್ಲಿ ತಂತಿ ಕಟ್ಟಿ ತಪ್ಪಿಸುವದು ಮನುಷ್ಯನನ್ನು ಬೆಂಕಿಯೆದುರು ಕಟ್ಟಿಹಾಕಿದ ಹಾಗೆ.

ಎರಡನೆಯ ಅಪಾಯವು ಕಣ್ಣಿಗೆ ಕಾಣದು. ಎರಡು ಬಾಯಲರುಗಳಿಗೆ ಒಂದೇ ಚಿಮಣಿ ಇದ್ದಲ್ಲಿ, ಒಂದನ್ನು ನಿಲ್ಲಿಸಿ ಅದರ ಹೊಗೆಗೊಳವೆಯೊಳಗೆ ರಿಪೇರಿಗಾಗಿ ಜನರನ್ನು ಇಳಿಸುವಾಗ ಅವರಿಗೂ ನೆರೆಯ ಬಾಯಲರಿನ ಬಿಸಿಹೊಗೆಗೂ ನಡುವೆ ಇರುವದು ಒಂದು ಹಲಗೆ ಮಾತ್ರ. ಅರೆಬೆಂದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದಲೇ ತಿಳಿದವರು ಒಂದರ ಬದಲು ಎರಡು ಹಲಗೆಗಳನ್ನಿಟ್ಟು ನಡುವೆ ಶುದ್ಧ ಗಾಳಿಯನ್ನು ಹೆಚ್ಚಿನ ಒತ್ತಡದಲ್ಲಿ ತುಂಬುವರು. ಸೋರಿದರೂ ಸೋರುವದು ಗಾಳಿ, ವಿಷವಲ್ಲ. ಇಂಥ ಇಕ್ಕಟ್ಟಾದ ಸ್ಥಳದೊಳಗೆ, ಅಪಾಯವಿಲ್ಲವೆಂದು ಅರ್ಹನಾದವನು ಬರೆದುಕೊಡದೆ, ಇಲ್ಲವೆ ಉಸಿರಾಟದ ಸಾಧನವನ್ನೂ ಹಗ್ಗದ ಪಟ್ಟಿಯನ್ನೂ ಕೊಡದೆ ಯಾರನ್ನೂ ಇಳಿಸಕೂಡದೆಂದು 1948ನೆಯ ಇಸವಿಯ ಕಾರಖಾನೆ ಕಾಯಿದೆಯ 36ನೆಯ ಕಲಮು ವಿಧಿಸಿತ್ತು. ಕಾಯಿದೆಗಳ ಹೆಸರು ಬದಲಾದರೂ ಉಸಿರಿನ ನಿಯಮ ಬದಲಾಗಿಲ್ಲ.

ಇನ್ನು ಊರಿನವರ ಪಾಲಿನ ಮಾತು. ಸಿಪ್ಪೆಯ ಬೂದಿಯು ಹಗುರಾದದ್ದು. ಗಾಳಿಗೆ ದೂರ ಹೋಗುವದು. ಅಂಗಳದಲ್ಲಿ ಒಣಹಾಕಿದ ಸೀರೆಯ ಮೇಲೂ, ಹಪ್ಪಳ ಸಂಡಿಗೆಯ ಮೇಲೂ, ಅದೇ ತಿಂಗಳುಗಳಲ್ಲಿ ಒಡೆದು ನಿಂತ ಬೈಲಹೊಂಗಲದ ಎರೆಹೊಲದ ಹತ್ತಿಯ ಮೇಲೂ ಕೂಡ್ರುವದು. ಕರಿ ಬಿದ್ದ ಹತ್ತಿಗೆ ಪೇಟೆಯಲ್ಲಿ ಯಾವ ಧಾರಣೆ ಎಂಬುದನ್ನು ಅಡತಿಯವರೇ ಹೇಳಲಿ. ಸಕ್ಕರೆ ಕಾರಖಾನೆಯ ಚಿಮಣಿಯಿಂದ ಹೊರಡುವ ಒಂದು ಘನಮೀಟರು ಹೊಗೆಯಲ್ಲಿ ಧೂಳಿನ ಪ್ರಮಾಣ 150 ಮಿಲಿಗ್ರಾಮ್ ಮೀರಬಾರದೆಂದು ಕೇಂದ್ರ ಸರಕಾರವು 2016ರ ಜನವರಿಯಲ್ಲಿ ಗೊತ್ತುಪಡಿಸಿತು. ಅದಕ್ಕೂ ಮೊದಲು 2014ರಲ್ಲಿ, ಚಿಮಣಿಗೆ ಸತತ ಮಾಪಕವನ್ನು ಕೂಡ್ರಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹದಿನೇಳು ಬಗೆಯ ಉದ್ಯಮಗಳಿಗೆ ಆಜ್ಞೆ ಮಾಡಿತ್ತು; ಸಕ್ಕರೆಯೂ ಅವುಗಳಲ್ಲೊಂದು. ಕಾಯಿದೆಗೆ ಕೊರತೆಯಿಲ್ಲ. ಆದರೆ ಧೂಳು ಹಿಡಿಯುವ ಯಂತ್ರವನ್ನು ಬಳಸಿಕೊಂಡು ಹೋಗುವ ಪಕ್ಕದ ದಾರಿಯೊಂದನ್ನು ಕೆಲವೆಡೆ ಇಡುವದುಂಟು. ಬೆಂಕಿ ಹೊತ್ತಿಸುವಾಗ, ಯಂತ್ರ ಕೆಟ್ಟಾಗ ಅದು ಬೇಕಾಗುವದೆನ್ನುವರು, ಇರಬಹುದು. ಆ ಪಕ್ಕದ ದಾರಿಯ ಬಾಗಿಲು ಯಾವ ದಿನ ಎಷ್ಟು ತಾಸು ತೆರೆದಿತ್ತು? ಬಳಸುದಾರಿಯ ಹೊಗೆಯು ಮಾಪಕದ ಮುಂದೆ ಹಾಯ್ದು ಹೋಗುವದೋ, ಮಾಪಕವನ್ನು ದಾಟಿದ ಮೇಲೆ ಬಂದು ಕೂಡುವದೋ? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಮಾಪಕದ ಅಂಕಿಗಳನ್ನು ಎಷ್ಟು ನೋಡಿದರೂ ವ್ಯರ್ಥ.

ಉತ್ತರ ಕೊಡಬೇಕಾದವರೂ ಒಮ್ಮೊಮ್ಮೆ ಮೋಸಹೋಗುವರು. ಕೊಳವೆಯ ಹೊರಗೆ ಬಾಗಿಲಿನ ಸ್ಥಿತಿಯನ್ನು ತೋರಿಸುವ ಮುಳ್ಳೊಂದಿರುತ್ತದೆ. ಅದು ತೋರಿಸುವದು ಅಚ್ಚು ತಿರುಗಿದ್ದನ್ನು ಮಾತ್ರ. ಕಬ್ಬಿಗೆ ಅಂಟಿ ಬಂದ ಹೊಲದ ಮಣ್ಣು ಉಸುಕಾಗಿ ಹೊಗೆಯೊಡನೆ ಹಾರಿ, ಹಂಗಾಮಿನುದ್ದಕ್ಕೂ ಹಲಗೆಯ ಅಂಚನ್ನು ಅರದಂತೆ ತಿಕ್ಕುವದು. ಹಲಗೆ ಅರ್ಧ ಸವೆದುಹೋದರೂ ಹೊರಗಿನ ಮುಳ್ಳು ‘ಮುಚ್ಚಿದೆ’ ಎಂದೇ ಹೇಳುತ್ತಿರುವದು. ನಮ್ಮ ಕಚೇರಿಗಳ ಎಷ್ಟೋ ವರದಿಗಳ ಹಾಗೆ.

ದುರಸ್ತಿಗೆ ದುಡ್ಡಿಲ್ಲವೆನ್ನುವ ಆಡಳಿತ ಮಂಡಳಿಗಳಿಗೆ ಒಂದು ಲೆಕ್ಕ. ಪಂಖಾವನ್ನು ಪೂರ್ತಿ ವೇಗದಲ್ಲಿ ಓಡಿಸಿ ಹಲಗೆಯಿಂದ ಹೊಗೆಯನ್ನು ತಡೆಯುವದು ಬ್ರೇಕು ಒತ್ತಿಕೊಂಡು ಮೋಟಾರು ನಡೆಸಿದಂತೆ. ಪಂಖಾದ ವೇಗವನ್ನೇ ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ಅದು ತಿನ್ನುವ ಶಕ್ತಿಯು ಸುಮಾರು ಅರ್ಧಕ್ಕೆ ಇಳಿಯುವದು. ವಿದ್ಯುತ್ತನ್ನು ಮಾರುವ ಕಾರಖಾನೆಗಳಿಗೆ ಇದು ನೇರ ಆದಾಯ.

ಯಾವ ಒಂದು ಕಾರಖಾನೆಯ ಮೇಲೂ ದೋಷ ಹೊರಿಸುವದು ನಮ್ಮ ಉದ್ದೇಶವಲ್ಲ. ಹಂಗಾಮು ಮುಗಿದ ಮೇಲೆ ಒಲೆಗಳು ತಣ್ಣಗೆ ಬಿದ್ದಿರುವ ತಿಂಗಳುಗಳಿವೆ. ಆ ಅವಧಿಯಲ್ಲಿ ಪ್ರತಿಯೊಂದು ಹೊಗೆಬಾಗಿಲನ್ನು ಬಿಚ್ಚಿ, ಹಲಗೆಯನ್ನು ಕಣ್ಣಾರೆ ನೋಡಿ, ಮುಳ್ಳಿಗೂ ಹಲಗೆಗೂ ತಾಳೆಯಿದೆಯೇ ಎಂದು ಪರೀಕ್ಷಿಸಬೇಕು. ಬಾಯಲರಿನ ಮನೆಯ ಕೆಲಸಗಾರರ ಪ್ರತಿನಿಧಿಯೊಬ್ಬನು ಆಗ ಹಾಜರಿರಬೇಕು. ಬಳಸುದಾರಿಯ ಬಾಗಿಲಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊಹರು ಬೀಳಬೇಕು. ತೆರೆದ ತಾಸುಗಳ ದಾಖಲೆಯು ಮಾಪಕದ ಅಂಕಿಗಳ ಜೊತೆಗೇ ಮಂಡಳಿಗೆ ಮುಟ್ಟಬೇಕು. ಬಾಯಲರಿನ ಉಗಿಯ ಭಾಗಕ್ಕೆ ಸರಕಾರಿ ಪರೀಕ್ಷಕರ ಪ್ರಮಾಣಪತ್ರವು 1923ರ ಕಾಯಿದೆಯ ಕಾಲದಿಂದಲೂ ಬೇಕಾಗಿರುವಾಗ, ಹೊಗೆಯ ಭಾಗಕ್ಕೆ ಇಷ್ಟಾದರೂ ಬೇಡವೇ?

ಪ್ರತಿ ವರ್ಷ ಹಂಗಾಮಿನ ಮೊದಲು ಸ್ವಾಮಿಗಳ ಸನ್ನಿಧಿಯಲ್ಲಿ ಬಾಯಲರ್ ಪ್ರದೀಪನ ಸಮಾರಂಭವಾಗುವದು. ಆಮಂತ್ರಣ ಪತ್ರಿಕೆಗಳು ನಮ್ಮ ಕಚೇರಿಗೂ ಬರುವವು. ಈ ಸಲ ಬೆಂಕಿ ಹೊತ್ತಿಸುವ ಮುನ್ನ ಹೊಗೆಬಾಗಿಲುಗಳ ಪರೀಕ್ಷೆಯ ವರದಿಯನ್ನು ಕಾರಖಾನೆಯ ಹೆಬ್ಬಾಗಿಲಿನಲ್ಲಿ, ಕಬ್ಬಿನ ದರದ ಫಲಕದ ಪಕ್ಕದಲ್ಲಿ, ಕನ್ನಡದಲ್ಲಿ ಬರೆದು ತೂಗಹಾಕಿದರೆ ನಾವು ಅದನ್ನು ಸಂತೋಷದಿಂದ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸುವೆವು.