ದಿವಾಳಿ ಅನ್ನೂದು ಬೈಗುಳಲ್ಲ, ಕಾಯ್ದೆ



ಗದಗ-ಬೆಟಗೇರಿ ಪ್ಯಾಟ್ಯಾಗ ಒಬ್ಬ ವ್ಯಾಪಾರಿ ದಿವಾಳಿ ತೆಗೆದರೆ ಜನ ನಾಲ್ಕು ದಿನ ಮಾತಾಡಿ ಮರೆಯುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತನಿಗೆ ಸಾಲ ತೀರಿಸುವುದು ನೀಗದಿದ್ದರೆ ಮಾತ್ರ ಮನೆತನದ ಮಾನ ಹೋಯಿತೆಂದು ತಲೆ ತಗ್ಗಿಸುತ್ತಾನೆ. ಕೆಲವರು ಜೀವವನ್ನೇ ಕಳೆದುಕೊಳ್ಳುತ್ತಾರೆ. ಈ ಭೇದ ಯಾಕ?

1920ರ ಪ್ರಾಂತೀಯ ದಿವಾಳಿ ಕಾಯ್ದೆ ರೈತನಿಗೂ ಅನ್ವಯಿಸುತ್ತದೆ. 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲ ತೀರಿಸಲಾರದವನು ತಾನಾಗಿಯೇ ಕೋರ್ಟಿಗೆ ಅರ್ಜಿ ಹಾಕಬಹುದು. ಕೋರ್ಟು ಒಪ್ಪಿದರೆ ಆಸ್ತಿ ರಿಸೀವರನ ಕೈಗೆ ಹೋಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಆದರೆ ರೈತ ವಾಸಿಸುವ ಮನೆ, ಬೇಸಾಯದ ಸಾಮಾನು, ಹೊಟ್ಟೆಪಾಡಿಗೆ ಬೇಕಾದ ಎತ್ತು, ಬಿತ್ತನೆ ಬೀಜ ಇವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಉಳಿಸಿಕೊಡುತ್ತದೆ. ಸಾಲದ ಸಲುವಾಗಿ ಬಂಧಿಸದಂತೆ ಕೋರ್ಟು ರಕ್ಷಣೆಯನ್ನೂ ಕೊಡಬಹುದು.

ಹಂಗಂತ ನಾಳೆಯೇ ವಕೀಲರ ಮನೆಗೆ ಓಡಬ್ಯಾಡ್ರಿ. ಹೊಲಕ್ಕೆ ಈ ವಿನಾಯಿತಿ ಇಲ್ಲ. ಉತಾರದಾಗ ಬ್ಯಾಂಕಿನ ಬೋಜಾ ಇದ್ದರೆ ಆ ಹೊಲದ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಉಳಿಯುತ್ತದೆ. ನಿಮಗೆ ಬಿಡುಗಡೆಯಾದರೂ ನಿಮ್ಮ ಜಾಮೀನುದಾರ ಪಾರಾಗುವುದಿಲ್ಲ. ಸರಕಾರದ ಬಾಕಿ ಬಿಡುವುದಿಲ್ಲ. ಭಾವಮೈದುನನ ಹೆಸರಿಗೆ ಹೊಲ ಪುಕ್ಕಟೆ ಬರೆದು ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಆ ಪತ್ರ ರದ್ದಾಗಬಹುದು.

ಇನ್ನೊಂದು ಮಾತು ಗಟ್ಟಿ ಹಿಡಿರಿ. ಆಸ್ತಿ ಮಾರಿದರೂ ಒತ್ತೆ ಇಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟು ಬಾರದಿದ್ದರೆ ಕೋರ್ಟು ಪೂರ್ತಿ ಬಿಡುಗಡೆ ಕೊಡುವುದಿಲ್ಲ. ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಿದವನಿಗೆ ಈ ಅಡ್ಡಿ ಇಲ್ಲ. ಮಳೆ ಹೋದದ್ದು, ಉಳ್ಳಾಗಡ್ಡಿಯ ಧಾರಣಿ ಬಿದ್ದದ್ದು ರೈತನ ತಪ್ಪೇ? ಅಲ್ಲ. ಆದರೆ ಬಾಯಿಮಾತು ಸಾಲದು. ಅಡತಿ ಅಂಗಡಿಯ ಪಟ್ಟಿ, ಬೀಜ-ಗೊಬ್ಬರದ ರಶೀದಿ, ಬೆಳೆಹಾನಿಯ ಕಾಗದ ಎಲ್ಲ ಜೋಪಾನ ಇಡ್ರಿ.

ಇನ್ನು ದೆಹಲಿಯವರ ಕೆಲಸ ನೋಡ್ರಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಮಾಡಿದರು. ಕಂಪನಿಗಳ ಭಾಗ ಆ ವರ್ಷವೇ ಜಾರಿಯಾಗತೊಡಗಿತು. ಬಡವನ ಸಾಲ ಕಳೆದು ಹೊಸ ಬದುಕು ಕೊಡುವ ಅಧ್ಯಾಯ ಪುಸ್ತಕದಲ್ಲೇ ಉಳಿಯಿತು. ಅದು ಜಾರಿಯಾದರೂ ನಮಗೆ ಆಗಿಬರುವುದಿಲ್ಲ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು ಅಂತಾರ. ನಾಲ್ಕೆಕರೆ ಎರಿ ಹೊಲ ಇದ್ದವನು ಬಾಗಿಲಲ್ಲೇ ಹೊರಗೆ.

ಸಾಲದ ಬಿಕ್ಕಟ್ಟಿಗೆ ದಾರಿ ಹುಡುಕಿದ ಊರು ನಮ್ಮದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದೇ ನೆಲದಿಂದ ನಾವು ಕೇಳಬೇಕು: ಆಸ್ತಿ-ಆದಾಯದ ಈ ಮಿತಿ ಏರಿಸ್ರಿ. ಕುಟುಂಬ ದುಡಿದು ಉಣ್ಣುವಷ್ಟು ಹೊಲವನ್ನು ಹರಾಜಿನಿಂದ ಹೊರಗಿಡ್ರಿ. ಜಾಮೀನು ನಿಂತ ನೆರೆಯವನನ್ನೂ ಬಿಡಿಸ್ರಿ.

ಇಷ್ಟಾದರೂ ಅದು ಗಾಯಕ್ಕೆ ಹಚ್ಚುವ ಮುಲಾಮು. ಬೆಳೆದ ಖರ್ಚು ಹುಟ್ಟದ ಧಾರಣಿ ಇರುವ ತನಕ ಇಂದು ಕಳೆದ ಸಾಲ ಮುಂದಿನ ಸುಗ್ಗಿಗೆ ಮತ್ತೆ ಹುಟ್ಟುತ್ತದೆ. ಅಲ್ಲಿಯ ತನಕ ನಿಮ್ಮೂರಾಗ ಯಾರಾದರೂ ಸಾಲದಿಂದ ಮನಿ ಬಿಟ್ಟು ಹೊರಬರದೆ ಕುಂತಿದ್ದರೆ ಅವರ ಕಟ್ಟೆಗೆ ಹೋಗಿ ಕುಂಡ್ರಿ. ಕಾಯ್ದೆ ಐತಿ, ನಾವೂ ಅದೀವಿ ಅಂತ ಹೇಳ್ರಿ.