ಊಹೆಯನ್ನೂ ಪ್ರಶ್ನಿಸೋಣ

ಫಿಸಿಕ್ಸ್ ಎಂ.ಎಸ್ಸಿ. ಓದುವ ನನ್ನ ಆಪಾ ಹೇಳಿದ ವಿಷಯವಿದು. ಘನವಸ್ತುವಿನಲ್ಲೂ ಪರಮಾಣುಗಳು ಜಾಗದಿಂದ ಜಾಗಕ್ಕೆ ಜಿಗಿಯುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ರೇಡಿಯೊ ಅಲೆಯಿಂದ ಕದಲಿಸಿದ ನ್ಯೂಕ್ಲಿಯಸ್‌ಗಳು ಮೊದಲಿನ ಸ್ಥಿತಿಗೆ ಎಷ್ಟು ಬೇಗ ಮರಳುತ್ತವೆ ಎಂಬುದರ ಮೇಲೆ ಈ ಜಿಗಿತದ ಪ್ರಭಾವವಿದೆ. 1948ರಲ್ಲಿ ಬ್ಲೂಂಬರ್ಗನ್, ಪರ್ಸೆಲ್, ಪೌಂಡ್ ಕೊಟ್ಟ ಲೆಕ್ಕ ಸರಳ ಊಹೆಯ ಮೇಲೆ ನಿಂತಿತ್ತು. ಪರಮಾಣುವಿನ ಒಂದೊಂದು ಜಿಗಿತವನ್ನೂ ಲೆಕ್ಕಕ್ಕೆ ಹಿಡಿದು 1953ರಲ್ಲಿ ಟಾರಿ ಅದನ್ನು ತಿದ್ದಿದರು.

ನಾವು ಕಾಮರ್ಸ್‌ನವರು ‘ಇತರ ಅಂಶಗಳು ಸ್ಥಿರ’ ಎಂದು ಬರೆದು, ಬೇಡಿಕೆ ರೇಖೆ ಎಳೆದು ಅಂಕ ಪಡೆಯುತ್ತೇವೆ. ಅವು ಸ್ಥಿರವಾಗಿರದಿದ್ದರೆ? ಮದುವೆ ಕಾಲದಲ್ಲಿ ಬೆಲೆ ಏರಿದರೂ ಜನ ಹೂವನ್ನು ಹೆಚ್ಚೇ ಕೊಳ್ಳುತ್ತಾರೆ. ಮಾದರಿ ಸುಳ್ಳಲ್ಲ, ಅದರ ಊಹೆ ತಿಳಿಯದೆ ಬಾಯಿಪಾಠ ಮಾಡುವುದು ತಪ್ಪು. ಇಂಥ ಪ್ರಶ್ನೆಗಳಿಗೆ ತರಗತಿಯಲ್ಲಿ ಐದು ನಿಮಿಷ ಕೊಡಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.